ಎಸ್ಟೀಮಿನಲ್ಲಿ ಎಡಗಾಲಿನ ಬ್ರೇಕ್: ಎರಡು ಸೀಸನ್ನಿನ ನನ್ನ ಅನುಭವ

"ಅಲ್ಲ ಮಾರಾಯ, ಎಡಗಾಲು ಇರೋದು ಕ್ಲಚ್ಚಿಗೆ. ಅದನ್ನ ಬ್ರೇಕಿಗೆ ಇಟ್ಟರೆ ನಿನ್ನ ಹಲ್ಲು ಸ್ಟೇರಿಂಗಿನಲ್ಲಿ ಇರ್ತದೆ."

ನಮ್ಮ ಗ್ಯಾರೇಜಿನ ಮೇಸ್ತ್ರಿ ಹೀಗೆ ಹೇಳಿ ಎರಡು ವರ್ಷದ ಮೇಲಾಯಿತು. ಈ ಸಲ ಫೆಬ್ರವರಿಯಲ್ಲಿ ನಡೆದ ಗದ್ದೆ ಆಟೋಕ್ರಾಸಿನಲ್ಲಿ (ಗದ್ದೆಯ ಮಣ್ಣಿನಲ್ಲಿ ಗುರುತಿಗೆ ಇಟ್ಟ ಡ್ರಮ್ ಸುತ್ತಿ ಓಡಿಸುವ ಕಾರ್ ರೇಸು), 1400 ಸಿಸಿ ಒಳಗಿನ ಕ್ಲಾಸಿಗೆ, ನನ್ನ 2001ರ ಮಾರುತಿ ಎಸ್ಟೀಮ್ ಮೂರನೆಯದು ಬಂತು. ಮುಂದಿದ್ದ ಎರಡೂ ಸ್ವಿಫ್ಟು. ಹಿಂದೆ ಉಳಿದವರಲ್ಲೂ ನಾಲ್ಕು ಸ್ವಿಫ್ಟು ಇದ್ದವು, ಅದನ್ನೂ ಹೇಳಬೇಕಲ್ಲ.

ಹಿಂಭಾಗ ಜಾರಿಸಿ ಬೇಗ ತಿರುಗಲು ಮೊದಲು ಎಲ್ಲರ ಹಾಗೆ ನಾನೂ ಹ್ಯಾಂಡ್‌ಬ್ರೇಕ್ ನಂಬಿದವನೇ. ಲಿವರಿನ ಹಲ್ಲು ತೆಗೆಸಿ, ಬಟನ್ ಒತ್ತದೆಯೇ ಕೈ ಬಿಟ್ಟ ಕೂಡಲೇ ಕೆಳಗೆ ಬೀಳುವ ಹಾಗೆ ಮಾಡಿಸಿದ್ದೆ. ಒಂದೇ ಸೀಸನ್ನಿನಲ್ಲಿ ಮೂರು ಕೇಬಲ್, ಎರಡು ಜೊತೆ ಲೈನರ್, ಒಂದು ಹಿಂದಿನ ಬೇರಿಂಗ್ ಹೋಯಿತು. ಎಲ್ಲ ಸೇರಿ ಏಳು ಸಾವಿರದ ಆಸುಪಾಸು. ದುಡ್ಡು ಹೋಗಲಿ, ಡ್ರಮ್ ಸುತ್ತ ತಿರುಗುವಾಗ ಕಾರು ಚಂದ ತಿರುಗುತ್ತಿತ್ತು, ಆದರೆ ತಿರುಗಿದ ಮೇಲೆ ಸತ್ತ ಎಮ್ಮೆ. ಕ್ಲಚ್ ಒತ್ತಿ, ಎಳೆದು, ಬಿಟ್ಟು, ಮತ್ತೆ ಆರ್‌ಪಿಎಂ ಏರುವ ಹೊತ್ತಿಗೆ ಪಕ್ಕದವನು ಮುಂದಿನ ಡ್ರಮ್ಮಿಗೆ ಹೋಗಿರುತ್ತಿದ್ದ. ನೋಡುವವರು ಶಿಳ್ಳೆ ಹೊಡೆಯುತ್ತಾರೆ, ಸ್ಟಾಪ್‌ವಾಚ್ ಹೊಡೆಯುವುದಿಲ್ಲ.

ಎಡಗಾಲಿನ ಬ್ರೇಕ್, ಅಂದರೆ ಬಲಗಾಲು ಗ್ಯಾಸ್ (ಆಕ್ಸಿಲರೇಟರ್) ಮೇಲೆ ಇರುವಾಗಲೇ ಎಡಗಾಲಲ್ಲಿ ಬ್ರೇಕ್ ತುಳಿಯುವುದು, ನಾನು ಕಂಡುಹಿಡಿದದ್ದಲ್ಲ. ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ 1962, 63ರಲ್ಲಿ ಸಾಬ್ 96ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದ ಕಾಲದಿಂದ ಮುಂದಿನ ಚಕ್ರದ ಡ್ರೈವ್ ಇರುವ ಸಣ್ಣ ಎಂಜಿನ್ನಿನ ಕಾರಿನವರಿಗೆ ಅದು ಅನ್ನ. ಆದರೆ ನಮ್ಮ ಕಡೆ "ಅದೆಲ್ಲ ಅವರ ಕಾರಿಗೆ" ಎಂಬ ಮಾತು.

ಮೊದಲ ದಿನ ತೋಟದ ರಸ್ತೆಯಲ್ಲಿ ಇಪ್ಪತ್ತರ ಸ್ಪೀಡಿನಲ್ಲಿ ಎಡಗಾಲು ಇಟ್ಟೆ. ಮೇಸ್ತ್ರಿ ಹೇಳಿದ ಹಾಗೇ ಆಯಿತು, ಬೆಲ್ಟ್ ಇದ್ದದ್ದರಿಂದ ಹಲ್ಲು ಉಳಿಯಿತು. ಇಪ್ಪತ್ತು ವರ್ಷ ಕ್ಲಚ್ ತುಳಿದ ಕಾಲಿಗೆ ಅರ್ಧ ಎಂಬುದೇ ಗೊತ್ತಿಲ್ಲ, ಪೂರ್ತಿ ಒಳಗೆ ಇಲ್ಲವೇ ಪೂರ್ತಿ ಹೊರಗೆ.

ಆಗ ಹೊಳೆದದ್ದು ಅಡಿಕೆ ತೂಗುವ ತಕ್ಕಡಿ. ಡಿಜಿಟಲ್ ತಕ್ಕಡಿಯನ್ನು ಜಗಲಿಯ ಗೋಡೆಗೆ ಒರಗಿಸಿ, ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಕಣ್ಣು ಮುಚ್ಚಿ "ಹತ್ತು ಕೆಜಿ" ಅಂದುಕೊಂಡು ತುಳಿಯುವುದು, ಕಣ್ಣು ಬಿಟ್ಟು ನೋಡುವುದು. ಬಲಗಾಲು ಒಂಬತ್ತು, ಹನ್ನೊಂದು ತೋರಿಸಿತು. ಎಡಗಾಲು ಮೊದಲ ಸಲ ಮೂವತ್ನಾಲ್ಕು. ಗೋಡೆಯ ಸುಣ್ಣ ಉದುರಿತು. ದಿನಾ ಸಂಜೆ ಕಾಲು ಗಂಟೆ, ಸುಮಾರು ಆರು ವಾರ. ಅಮ್ಮ ಬಂದವರಿಗೆಲ್ಲ "ಮಗನಿಗೆ ವಾತ, ಕಾಲಿಗೆ ವ್ಯಾಯಾಮ" ಅಂತ ಹೇಳುತ್ತಿದ್ದರು. ಕೊನೆಗೆ ಐದು, ಹತ್ತು, ಹದಿನೈದು, ಮೂರೂ ಒಂದೂವರೆ ಕೆಜಿಯ ಒಳಗೆ ಬಂತು. ದಪ್ಪ ಶೂ ಬೇಡ. ನಾನು ಹಾಕುವುದು ಸ್ಕೂಲ್ ಮಕ್ಕಳ ಬಿಳಿ ಕ್ಯಾನ್ವಾಸ್.

ಕೊಯ್ಲು ಮುಗಿದ ನಮ್ಮದೇ ಗದ್ದೆಯಲ್ಲಿ ಟ್ರ್ಯಾಕ್ ಹಾಕಿದೆ. ಎರಡನೇ ವಾರ ಮೂಗು ನೇರ ಅಂಚಿಗೆ ಹೊಕ್ಕು ರೇಡಿಯೇಟರ್ ಒಡೆಯಿತು, ಬಂಪರ್ ಸೇರಿ ಆರು ಸಾವಿರ. ನನ್ನ ಕಾಲು ಸರಿ ಇತ್ತು, ಪೆಡಲ್ ಸರಿ ಇರಲಿಲ್ಲ. ಮೊದಲ ತಿರುವಿನಲ್ಲಿ ಮೆತ್ತಗೆ, ಎರಡನೆಯದರಲ್ಲಿ ಗೋಡೆಗೆ ಒದ್ದ ಹಾಗೆ. ಪ್ಯಾಡ್ ಬದಲಿಸಿದೆ, ಮಾಸ್ಟರ್ ಸಿಲಿಂಡರ್ ಬದಲಿಸಿದೆ, ಆಯಿಲ್ ಬದಲಿಸಿ ಏರ್ ತೆಗೆಸಿದೆ. ಹನ್ನೊಂದು ಸಾವಿರ ನೀರಿಗೆ. ಕೊನೆಗೆ ಸಿಕ್ಕಿದ್ದು ಬೂಸ್ಟರಿಗೆ (ಎಂಜಿನ್ನಿನ ವ್ಯಾಕ್ಯೂಮಿನಿಂದ ಬ್ರೇಕಿನ ಒತ್ತಡ ಹೆಚ್ಚಿಸುವ ಡಬ್ಬಿ) ಹೋಗುವ ಪೈಪಿನ ವಾಲ್ವ್. ಬಲಗಾಲಲ್ಲಿ ಬ್ರೇಕ್ ಹಾಕುವವನು ಆಕ್ಸಿಲರೇಟರ್ ಬಿಟ್ಟೇ ಹಾಕುತ್ತಾನೆ, ಪ್ರತಿ ಸಲ ಹೊಸ ವ್ಯಾಕ್ಯೂಮ್ ಸಿಗುತ್ತದೆ, ವಾಲ್ವ್ ಸೋರಿದರೂ ತಿಳಿಯುವುದಿಲ್ಲ. ನಾವು ಗ್ಯಾಸ್ ಒತ್ತಿಕೊಂಡೇ ತುಳಿಯುವುದು, ಬೂಸ್ಟರಿನಲ್ಲಿ ಉಳಿದದ್ದಷ್ಟೇ ಗತಿ. ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಪೆಡಲ್ ಒತ್ತಿ ನೋಡಿ. ಮೊದಲ ಒತ್ತಿಗೇ ಗಟ್ಟಿಯಾದರೆ ಮೊದಲು ಆ ವಾಲ್ವ್ ನೋಡಿ. ನನಗೆ ಗುಜರಿಯಲ್ಲಿ ನೂರೈವತ್ತಕ್ಕೆ ಸಿಕ್ಕಿತು. ಮೇಸ್ತ್ರಿ ಅದನ್ನು ಬಾಯಲ್ಲಿ ಊದಿ ನೋಡಿ, ಏನೂ ಹೇಳದೆ ಬೀಡಿ ಹಚ್ಚಿದರು.

ನಡುವೆ ಒಂದು ಹುಚ್ಚಾಟ. ಹಿಂದಿನ ಚಕ್ರ ಜಾರುವುದು ಅಭ್ಯಾಸವಾಗಲಿ ಎಂದು ಅದರ ಅಡಿಗೆ ಪ್ಲಾಸ್ಟಿಕ್ ಟ್ರೇ ಕಟ್ಟುತ್ತಾರಲ್ಲ, ಅದರ ಬದಲು ನಾನು ಒದ್ದೆ ಅಡಿಕೆ ಹಾಳೆ ಇಟ್ಟೆ. ಹ್ಯಾಂಡ್‌ಬ್ರೇಕ್ ಎಳೆದು ಸಿಮೆಂಟ್ ಅಂಗಳದಲ್ಲಿ ಮುಂದಕ್ಕೆ ಎಳೆದರೆ, ಚಿಕ್ಕಂದಿನಲ್ಲಿ ಹಾಳೆ ಮೇಲೆ ಕೂತು ಎಳೆಸಿಕೊಂಡ ಹಾಗೇ ಸರ್ರನೆ ಹೋಗುತ್ತದೆ. ಹದಿನೈದು ಮೀಟರಿಗೆ ಹರಿಯುತ್ತದೆ. ಒಂದು ಭಾನುವಾರಕ್ಕೆ ನಲವತ್ತು ಹಾಳೆ ಮುಗಿಯಿತು, ತಟ್ಟೆ ಮಾಡುವವನಿಗೆ ಕೊಟ್ಟಿದ್ದರೆ ದುಡ್ಡಾದರೂ ಬರುತ್ತಿತ್ತು. ಆದರೆ ಹಿಂಭಾಗ ಹೊರಟಾಗ ಗಾಬರಿಯಾಗಿ ಗ್ಯಾಸ್ ಬಿಡುವ ಚಾಳಿ ಹೋಗಿದ್ದು ಅಲ್ಲೇ.

ಈಗ ಮಾಡುವುದು ಇಷ್ಟು. ತಿರುವಿಗೆ ಮುಂಚೆಯೇ ಸೆಕೆಂಡ್ ಗೇರ್, ಆಮೇಲೆ ಕ್ಲಚ್ ಮರೆತುಬಿಡಿ. ಸ್ಟೇರಿಂಗ್ ಸ್ವಲ್ಪ ಒಳಗೆ, ಬಲಗಾಲಲ್ಲಿ ಗ್ಯಾಸ್ ಅರ್ಧಕ್ಕಿಂತ ಜಾಸ್ತಿಯೇ ಒತ್ತಿರಲಿ, ಎಡಗಾಲಲ್ಲಿ ಹತ್ತು ಕೆಜಿ. ಎಂಜಿನ್ ಎಳೆಯುತ್ತಿರುವುದರಿಂದ ಮುಂದಿನ ಚಕ್ರ ಸುಲಭಕ್ಕೆ ಲಾಕ್ ಆಗುವುದಿಲ್ಲ, ಹಿಂಭಾಗ ಹಗುರಾಗಿ ತಾನೇ ಸುತ್ತಿಕೊಂಡು ಬರುತ್ತದೆ. ಮೂಗು ಬೇಕಾದ ಕಡೆ ನೋಡಿದ ಕ್ಷಣ ಎಡಗಾಲು ಎತ್ತಿ, ಕಾರು ಹೊರಗೆ ಚಿಮ್ಮುತ್ತದೆ. ನಮ್ಮ ಗದ್ದೆಯ ಸುತ್ತಿಗೆ ಹ್ಯಾಂಡ್‌ಬ್ರೇಕಿನಲ್ಲಿ 1 ನಿಮಿಷ 22 ಸೆಕೆಂಡ್ ಇತ್ತು. ಈಗ 17, ಒಳ್ಳೆಯ ದಿನ 16. ಡ್ರಮ್ ಸುತ್ತ ಪೂರ್ತಿ ತಿರುಗುವಲ್ಲಿ ಮಾತ್ರ ಈಗಲೂ ಹ್ಯಾಂಡ್‌ಬ್ರೇಕೇ. ಹಿಂದಿನ ಟೈರಿಗೆ ಎಷ್ಟು ಗಾಳಿ, ಬ್ರೇಕ್ ಡ್ರಮ್ಮಿನ ಅಡ್ಜಸ್ಟರ್ ಎಷ್ಟು ಹಲ್ಲು ಅಂತ ಸ್ವಿಫ್ಟಿನ ಹುಡುಗರು ಕೇಳಿದ್ದರು. ಮುಂದಿನ ಫೆಬ್ರವರಿ ಆದ ಮೇಲೆ ಹೇಳುತ್ತೇನೆ.

ರಿವರ್ಸಿನಲ್ಲಿ ಹೋಗಿ ಸಿನಿಮಾದವರ ಹಾಗೆ ಗಿರಕಿ ಹೊಡೆಸುವುದನ್ನೂ ಮಾಡಿ ನೋಡಿದೆ. ಮೂವತ್ತೈದರ ಸ್ಪೀಡು ಸಾಕು, ಕಲಿಯಲು ಒಂದು ಮಧ್ಯಾಹ್ನ ಸಾಕು. ಎಂಜಿನ್ ಮೌಂಟಿಂಗ್ ಮುರಿಯಲೂ ಅಷ್ಟೇ ಸಾಕು. ಹೆಲ್ಮೆಟ್ಟು, ಕಾರಿನೊಳಗೆ ಕಬ್ಬಿಣದ ಪೈಪಿನ ಕೇಜು, ನಿಮ್ಮದೇ ಗದ್ದೆ ಇಲ್ಲದವರು ಕೈ ಹಾಕಬೇಡಿ.

ಸದ್ಯ ಎಡಗಡೆ ಆಕ್ಸಲ್ ಜಾಯಿಂಟ್ ಫುಲ್ ಲಾಕಿನಲ್ಲಿ ಟಕ್ ಟಕ್ ಅನ್ನುತ್ತಿದೆ. ಎಸ್ಟೀಮ್ ತಯಾರಿ ನಿಂತದ್ದು 2007ರಲ್ಲಿ, ಒಳ್ಳೆಯ ಮಾಲು ಸಿಗುವುದು ಕಷ್ಟವಾಗಿದೆ. ಬೆಂಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಜೆ.ಸಿ. ರೋಡಿನಲ್ಲಿ ಎರಡು ಸಲ ಸುತ್ತಿ ಬರಿಗೈಲಿ ಬಂದೆ. ಯಾರ ಶೆಡ್ಡಿನಲ್ಲಾದರೂ ಬಿದ್ದಿದ್ದರೆ ರೇಟು ಹೇಳಿ, ನಾನೇ ಬಂದು ತಗೊಂಡು ಹೋಗುತ್ತೇನೆ.