ರಿಜೆಕ್ಟ್ ಆದ ಎರಕಗಳನ್ನು ಲ್ಯಾಬಿಗೆ ತಂದ ಮೇಲೆ

ಬೆಳಗಾವಿಯ ಒಂದು ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ಊರೊಳಗೇ ಉದ್ಯಮಬಾಗ ಇದೆ. ಸಾಲಾಗಿ ಲೋಹ ಕರಗಿಸಿ ಅಚ್ಚಿಗೆ ಹೊಯ್ದು ಎರಕ ಮಾಡುವ ಫೌಂಡ್ರಿಗಳು, ಮಷಿನ್ ಶಾಪ್‌ಗಳು. ಆದರೂ ನಮ್ಮ ಹುಡುಗರು ಕೆಲಸಕ್ಕೆ ಅಂತ ಪುಣೆ, ಬೆಂಗಳೂರು ಬಸ್ ಹತ್ತುತ್ತಿದ್ದರು. ಇಲ್ಲಿನ ಮಾಲೀಕರು ಮಾತ್ರ "ಒಳ್ಳೆ ಹುಡುಗರೇ ಸಿಗಲ್ಲ ಸರ್" ಅನ್ನುತ್ತಿದ್ದರು.

ಫ್ಯಾಕ್ಟರಿಗಳ ಜೊತೆಗಿನ ಒಪ್ಪಂದ ಪತ್ರಗಳಿಗೆ ನಮ್ಮಲ್ಲೇನೂ ಬರ ಇರಲಿಲ್ಲ. ಸಹಿ, ಶಾಲು, ಫೋಟೊ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರಿಗೆ ತೋರಿಸುವ ಫೈಲಿಗೆ ಆಗುತ್ತವೆ, ಅಷ್ಟೇ.

"ಏನು ಕಲಿಸಬೇಕು?" ಅಂತ ಕೇಳಿದರೆ ಎಲ್ಲ ಮಾಲೀಕರದೂ ಒಂದೇ ಉತ್ತರ: ಕಮ್ಯುನಿಕೇಶನ್. ಅದನ್ನು ಹಿಡಿದುಕೊಂಡು ಸಿಲಬಸ್ ಬರೆಯೋಕಾಗಲ್ಲ. ಹಾಗಾಗಿ ಬೇರೆ ಥರ ಕೇಳಿದೆ: "ಹೊಸಬರು ಮೊದಲ ತಿಂಗಳು ಎಲ್ಲಿ ತಡವರಿಸ್ತಾರೆ, ತೋರಿಸಿ." ಒಂದು ಫೌಂಡ್ರಿಯ ಕ್ವಾಲಿಟಿ ಸೂಪರ್‌ವೈಸರ್ ನನ್ನನ್ನು ಸೀದಾ ರಿಜೆಕ್ಷನ್ ರಾಶಿಯ ಹತ್ತಿರ ಕರೆದುಕೊಂಡು ಹೋದರು. "ಇದು ಯಾಕೆ ಕೆಟ್ಟಿತು ಅಂತ ಹೇಳೋಕೆ ಬರಲ್ಲ ಸರ್. ಗೊತ್ತಾದ್ರೂ ಅರ್ಧ ಪುಟ ಬರೆದು ಕೊಡೋಕೆ ಬರಲ್ಲ."

ಆ ರಾಶಿಯಿಂದಲೇ ಒಂದಷ್ಟು ಎರಕಗಳನ್ನು ಲ್ಯಾಬಿಗೆ ತಂದೆವು. ಇಬ್ಬರಿಗೆ ಒಂದು ತುಂಡು, ಅದರ ಡ್ರಾಯಿಂಗ್, ಒಂದು ವರ್ನಿಯರ್. ಮೊದಲು ಅಳೆಯಬೇಕು, ಆಮೇಲೆ ಕತ್ತರಿಸಿ ನೋಡಬೇಕು. ತೂತು ಗುಂಡಗೆ, ನುಣ್ಣಗೆ ಇದ್ದರೆ ಒಳಗೆ ಗ್ಯಾಸ್ ಸಿಕ್ಕಿಕೊಂಡಿದೆ: ಅಚ್ಚಿನ ಮರಳಿನಲ್ಲಿ ನೀರು ಜಾಸ್ತಿಯಾಗಿರಬಹುದು, ಆವಿ ಹೋಗಲು ದಾರಿ ಇಲ್ಲದಿರಬಹುದು. ದಪ್ಪ ಜಾಗದಲ್ಲಿ ಒರಟು ಪೊಳ್ಳು ಕಂಡರೆ, ಲೋಹ ಕುಗ್ಗುವಾಗ ತುಂಬಿಕೊಳ್ಳಲು ಸಾಕಷ್ಟು ಸಿಕ್ಕಿಲ್ಲ. ಕುಗ್ಗುವ ಜಾಗಕ್ಕೆ ಲೋಹ ಒದಗಿಸಲು ಅಚ್ಚಿನಲ್ಲಿ ಬಿಡುವ ಹೆಚ್ಚುವರಿ ಲೋಹದ ಗುಂಡಿ, ಅಂದರೆ ರೈಸರ್ ಕಡೆ ನೋಡಬೇಕು. ಇದೆಲ್ಲ ಪುಸ್ತಕದಲ್ಲಿ ಇರುವುದೇ, ಅಲ್ವಾ? ಆದರೆ ಪರೀಕ್ಷೆಯಲ್ಲಿ ಇದನ್ನೇ ಚೆಂದಾಗಿ ಬರೆದವರು ತುಂಡು ಕೈಗೆ ಬಂದಾಗ ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತರು. ವರದಿ ಒಂದೇ ಪುಟ: ದೋಷ, ಕಾರಣ, ನಾಳೆ ಏನು ಬದಲಿಸಬೇಕು. ಕನ್ನಡದಲ್ಲೂ ಬರೆಯಬಹುದು ಅಂದೆವು. ಆಗ ಬಾಯಿ ಬಿಡದ ಹುಡುಗರೂ ಬರೆದರು.

ವರದಿಗೆ ಅಂಕ ಕೊಡಲು ಆ ಸೂಪರ್‌ವೈಸರನ್ನೇ ಕರೆದಾಗ ಕಾಲೇಜಿನಲ್ಲಿ ಗಲಾಟೆ ಶುರುವಾಯಿತು. "ಡಿಪ್ಲೊಮಾ ಓದಿದವರು ಬಿಇ ಹುಡುಗರಿಗೆ ಮಾರ್ಕ್ಸ್ ಕೊಡೋದಾ?" ಉದ್ಯಮದ ಅನುಭವಿಗಳನ್ನು ಪಾಠಕ್ಕೆ ತೆಗೆದುಕೊಳ್ಳುವ ಬಗ್ಗೆ ಇರುವ ಯುಜಿಸಿಯ 2022ರ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಮಾರ್ಗಸೂಚಿಯನ್ನು ಮುಂದಿಟ್ಟೆ. ಅನುಭವ ಇದ್ದರೆ ಡಿಗ್ರಿ ಕಡ್ಡಾಯವಲ್ಲ ಅಂತ ಅದರಲ್ಲೇ ಇದೆ. ಕೊನೆಗೆ ಆಂತರಿಕ ಅಂಕಗಳಲ್ಲಿ, ಅಂದರೆ ಇಂಟರ್ನಲ್ಸ್‌ನಲ್ಲಿ ಒಂದು ಪಾಲಿಗೆ ಒಪ್ಪಿದರು. ಸ್ವಾಯತ್ತ ಕಾಲೇಜಿನ ಸಿಲಬಸ್ ರೂಪಿಸುವ ಅಧ್ಯಯನ ಮಂಡಳಿಯಲ್ಲಿ ಉದ್ಯಮದವರೊಬ್ಬರು ಇರಲೇಬೇಕು. ಆ ಕುರ್ಚಿಗೆ ದೂರದ ದೊಡ್ಡ ಕಂಪನಿಯವರನ್ನು ಹುಡುಕುವುದಕ್ಕಿಂತ ಪಕ್ಕದ ಫ್ಯಾಕ್ಟರಿಯ ವರ್ಕ್ಸ್ ಮ್ಯಾನೇಜರ್ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಫ್ಯಾಕ್ಟರಿಯವರಿಗೂ ಷರತ್ತು ಹಾಕಿದೆವು. ಇಂಟರ್ನ್‌ಗೆ ಕಲಿಸುವವರು ಯಾರು ಅಂತ ಹೆಸರು ಬರೆದು ಕೊಡಬೇಕು. ಒಂದು ಕಡೆ ಹುಡುಗರನ್ನು ಸುಮ್ನೆ ಎಕ್ಸೆಲ್ ತುಂಬಿಸಲು ಕೂರಿಸಿದ್ದರು, ವಾಪಸ್ ಕರೆಸಿಕೊಂಡೆವು. ಪದವಿ ಮುಗಿದವರನ್ನು ಕೇಂದ್ರದ ಅಪ್ರೆಂಟಿಸ್ ಯೋಜನೆ, ಅಂದರೆ ನ್ಯಾಟ್ಸ್, ಅಡಿಯಲ್ಲಿ ತೆಗೆದುಕೊಳ್ಳಿ ಎಂದೆವು. 2019ರ ನಿಯಮದ ಪ್ರಕಾರ ಪದವೀಧರರಿಗೆ ಆಗ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಇತ್ತು, ಅದರಲ್ಲಿ ಅರ್ಧ ಸರ್ಕಾರದ್ದಾಗಿತ್ತು. ಎಷ್ಟೋ ಸಣ್ಣ ಮಾಲೀಕರಿಗೆ ಇದು ಗೊತ್ತೇ ಇರಲಿಲ್ಲ. ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಡುವ ಕೆಲಸವನ್ನು ನಮ್ಮ ಪ್ಲೇಸ್‌ಮೆಂಟ್ ವಿಭಾಗವೇ ವಹಿಸಿಕೊಂಡಿತು.

ಸಂಬಳದ ವಿಷಯದಲ್ಲಿ ಮಾತ್ರ ಐಟಿ ಕಂಪನಿಗಳ ಜೊತೆ ಇವರು ಪೈಪೋಟಿ ಮಾಡಲಾರರು. ಮೊದಲ ವರ್ಷ ಮುಗಿಸಿದವರಿಗೆ ಎಷ್ಟು ಕೊಡುತ್ತೀರಿ ಅಂತ ಇಂಟರ್ನ್‌ಶಿಪ್‌ಗೆ ಮೊದಲೇ ಬರೆಸಿಕೊಳ್ಳಬೇಕು ಅಂತಿದ್ದೇನೆ. ಮಾಲೀಕರು ಇನ್ನೂ ಎಳೆದಾಡುತ್ತಿದ್ದಾರೆ.