ಅಪರೂಪದ ಮರದ ಎಲೆಕ್ಟ್ರಿಕ್ ಗಿಟಾರ್: ಮೊದಲು ಕಾಗದ ನೋಡಿ

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯ ಅದುರನ್ನು ಹಿಡಿಯುವುದು ಪಿಕಪ್. ಮರದಿಂದ ನಾದ ಎಷ್ಟು ಬದಲಾಗುತ್ತದೆ ಎನ್ನುವ ಜಗಳ ಇನ್ನೂ ಮುಗಿದಿಲ್ಲ. ಅಪರೂಪದ ಮರದ ಗಿಟಾರ್ ಕೊಳ್ಳುವಾಗ ‘ಸೌಂಡೇ ಬೇರೆ’ ಎಂಬ ಮಾತಿಗೆ ಮರುಳಾಗಿ ಜಾಸ್ತಿ ದುಡ್ಡು ಕೊಡಬೇಡಿ. ಇಲ್ಲಿ ಬೆಲೆ ಇರುವುದು ಮರದ ಅಂದಕ್ಕೆ, ಅದು ಮತ್ತೆ ಸಿಗುವುದಿಲ್ಲ ಎನ್ನುವುದಕ್ಕೆ.

1. ಒಂದು ಮರ ಆರಿಸಿಕೊಳ್ಳಿ

ಎಲ್ಲದಕ್ಕೂ ಕೈ ಹಾಕಿದರೆ ಜೇಬು ಖಾಲಿ. ಅಮೆರಿಕದ ಗಿಬ್ಸನ್ ಕಂಪನಿ 1958ರಲ್ಲಿ ಆಫ್ರಿಕಾದ ಕೊರಿನಾ ಮರದಿಂದ ಫ್ಲೈಯಿಂಗ್ ವಿ, ಎಕ್ಸ್‌ಪ್ಲೋರರ್ ಎಂಬ ಗಿಟಾರ್‌ಗಳನ್ನು ಮಾಡಿತು. ಆಗ ಕೇಳುವವರೇ ಕಡಿಮೆ. ಈಗ ಕೋಟಿಗಳ ಮಾತು, ನಮ್ಮಂಥವರಿಗೆ ಅದರ ರೀಇಶ್ಯೂ, ಅಂದರೆ ಅದೇ ಮಾದರಿಯಲ್ಲಿ ಹೊಸದಾಗಿ ಮಾಡಿದ್ದು, ಸಾಕು. ಅದೇ ಕಾಲದ, ಅದೇ ಕಂಪನಿಯ ಲೆಸ್ ಪಾಲ್ ಸ್ಟ್ಯಾಂಡರ್ಡ್ ಗಿಟಾರ್‌ಗಳ ಫಿಂಗರ್‌ಬೋರ್ಡ್ (ತಂತಿಯನ್ನು ಬೆರಳಿನಿಂದ ಒತ್ತುವ ಪಟ್ಟಿ) ಬ್ರೆಜಿಲಿನ ರೋಸ್‌ವುಡ್‌ನದು.

ಹೊಸಬರು ಬೀಟೆಯಿಂದ ಶುರು ಮಾಡುವುದು ಒಳ್ಳೆಯದು. ಹೌದು, ನಮ್ಮ ಮಲೆನಾಡಿನ ಬೀಟೆಯೇ. ಬ್ರೆಜಿಲಿನ ಮರ ಸಿಗದಂತಾದಾಗ, 1960ರ ದಶಕದಲ್ಲಿ, ಅಮೆರಿಕದ ತಯಾರಕರು ಹೊರಳಿದ್ದು ಈ ‘ಇಂಡಿಯನ್ ರೋಸ್‌ವುಡ್’ ಕಡೆಗೆ. ಇಡೀ ಗಿಟಾರೇ ರೋಸ್‌ವುಡ್ ಬೇಕೆಂದರೆ ಮೊದಲು ಹೆಗಲಿಗೆ ಹಾಕಿ ನೋಡಿ. 1968ರಲ್ಲಿ ಫೆಂಡರ್ ಕಂಪನಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ಗೆ ಅಂಥ ಟೆಲಿಕಾಸ್ಟರ್ ಗಿಟಾರ್ ಮಾಡಿಕೊಟ್ಟಿತ್ತು. ನೋಡಲು ಚೆಂದ, ಆದರೆ ಭಾರ.

2. ಕಾಗದ ಕೇಳಿ

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ 1992ರಲ್ಲಿ ಬ್ರೆಜಿಲಿನ ರೋಸ್‌ವುಡ್ಡನ್ನು ಅತಿ ಬಿಗಿಯಾದ ಮೊದಲ ಪಟ್ಟಿಗೆ ಸೇರಿಸಿತು. ಮರ ಅದಕ್ಕೂ ಹಿಂದಿನದು ಎಂಬ ಪ್ರಮಾಣಪತ್ರ ಇಲ್ಲದೆ ಅಂಥ ಗಿಟಾರನ್ನು ಗಡಿ ದಾಟಿಸಿದರೆ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳಬಹುದು. 2017ರ ಜನವರಿಯಲ್ಲಿ ಬೀಟೆಯೂ ಸೇರಿ ಆ ಕುಲದ ಉಳಿದ ಮರಗಳೆಲ್ಲ ಎರಡನೇ ಪಟ್ಟಿಗೆ ಬಂದವು. 2019ರ ನವೆಂಬರ್‌ನಿಂದ ಅವುಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲಿನದಕ್ಕೆ ಮಾತ್ರ ಇಲ್ಲ.

ದೊಡ್ಡವರನ್ನೂ ಕಾನೂನು ಬಿಟ್ಟಿಲ್ಲ. ಮಡಗಾಸ್ಕರ್‌ನ ಎಬನಿ ಎಂಬ ಕಪ್ಪು ಮರ ತರಿಸಿದ ಪ್ರಕರಣದಲ್ಲಿ ಗಿಬ್ಸನ್ 2012ರಲ್ಲಿ 3 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಹಾಗಾಗಿ ಬಿಲ್, ಸೀರಿಯಲ್ ನಂಬರ್, ಮರದ ಹೆಸರು ಎಲ್ಲ ಬರಹದಲ್ಲಿ ಇರಲಿ. ವಾಟ್ಸ್ಆ್ಯಪ್ ಭರವಸೆ ಸಾಲದು.

3. ಬಿಚ್ಚಿ ನೋಡಿ

ಬ್ರೆಜಿಲಿನ ರೋಸ್‌ವುಡ್, ಬೀಟೆ ಎರಡನ್ನೂ ಬರಿಗಣ್ಣಲ್ಲಿ ಖಚಿತವಾಗಿ ಬೇರ್ಪಡಿಸುವುದು ಕಷ್ಟ, ಅದರಲ್ಲೂ ಫಿಂಗರ್‌ಬೋರ್ಡ್‌ನಂಥ ಸಣ್ಣ ಪಟ್ಟಿಯಲ್ಲಿ. ಫೋಟೊ ನೋಡಿ ತೀರ್ಪು ಕೊಡುವವರನ್ನು ನಂಬಬೇಡಿ. ಕಾಲ ತಿಳಿಯಲು ಒಳಗಿನ ವಾಲ್ಯೂಮ್ ಪಾಟ್ (ಸದ್ದು ಏರಿಳಿಸುವ ಗುಂಡಿಯ ಅಡಿಯ ಬಿಡಿಭಾಗ) ಮೇಲಿನ ಅಂಕಿ ಓದಿ. 1376012 ಎಂದಿದ್ದರೆ 137 ಸಿಟಿಎಸ್ ಕಂಪನಿಯ ಗುರುತು, 60 ಅಂದರೆ 1960ನೇ ಇಸವಿ, 12 ಅಂದರೆ ಆ ವರ್ಷದ 12ನೇ ವಾರ. ಗಿಟಾರ್ ಅದಕ್ಕಿಂತ ಹಳೆಯದೆಂದು ಹೇಳಿದರೆ, ಒಂದೋ ಪಾಟ್ ಬದಲಾಗಿದೆ, ಇಲ್ಲವೇ ಮಾತು ಸುಳ್ಳು. ಆಮೇಲೆ ಕತ್ತಲೆಯಲ್ಲಿ ಯುವಿ ಟಾರ್ಚ್ ಹಿಡಿಯಿರಿ. ಹಳೆಯ ನೈಟ್ರೊ (ನೈಟ್ರೊಸೆಲ್ಯುಲೋಸ್) ಪಾಲಿಶ್ ಹಸಿರು-ಹಳದಿಯಾಗಿ ಹೊಳೆಯುತ್ತದೆ, ಮತ್ತೆ ಬಳಿದ ಜಾಗ ಬೇರೆಯೇ ಕಾಣುತ್ತದೆ. ಗಿಬ್ಸನ್ ಆದರೆ ಹೆಡ್‌ಸ್ಟಾಕ್ (ಶ್ರುತಿ ಮಾಡುವ ಕೀಲಿಗಳಿರುವ ತುದಿ) ಬುಡವನ್ನು ಚೆನ್ನಾಗಿ ನೋಡಿ. ಅಲ್ಲಿ ಮುರಿದು ಅಂಟಿಸಿದ್ದರೆ ಬೆಲೆ ಅರ್ಧಕ್ಕೆ ಇಳಿಯುವುದೂ ಉಂಟು.

4. ಇಡುವ ಬಗೆ

ಗಾಳಿಯ ತೇವ ಶೇ 45ರಿಂದ 55ರ ಒಳಗಿರಲಿ. ಮಂಗಳೂರಿನ ಮಳೆಗಾಲದಲ್ಲಿ ಇದು ಸುಲಭವಲ್ಲ. ಕೇಸ್ ಮುಚ್ಚಿಡಿ, ಒಳಗೊಂದು ತೇವ ಅಳೆಯುವ ಹೈಗ್ರೊಮೀಟರ್ ಇಡಿ. ಸ್ಟ್ಯಾಂಡ್ ಕೊಳ್ಳುವಾಗಲೂ ಎಚ್ಚರ: ಅದರ ಅಗ್ಗದ ರಬ್ಬರ್ ನೈಟ್ರೊ ಪಾಲಿಶನ್ನು ಕರಗಿಸಿ ಕಲೆ ಮಾಡುತ್ತದೆ. ಹತ್ತಿ ಬಟ್ಟೆ ಸುತ್ತಿದರೆ ಆಯಿತು.