ಒದ್ದೆ ಮಸಿಬಟ್ಟೆಯಲ್ಲಿ ಬಿಸಿ ಪಾತ್ರೆ ಇಳಿಸಬೇಡಿ

ನಲವತ್ತು ವರ್ಷದಿಂದ ಅಡಿಗೆ ಮಾಡುತ್ತಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠವನ್ನೂ ಹೇಳಿದ್ದೇನೆ. ಆದರೂ ಯುಗಾದಿ ದಿನ ಕೈ ಸುಟ್ಟುಕೊಂಡೆ. ಹೋಳಿಗೆಗೆ ಬೇಳೆ ಬೇಯಿಸಿದ ಪಾತ್ರೆಯನ್ನು, ಆಗಷ್ಟೇ ಕಟ್ಟೆ ಒರೆಸಿದ್ದ ಒದ್ದೆ ಮಸಿಬಟ್ಟೆಯಲ್ಲೇ ಹಿಡಿದು ಇಳಿಸಲು ಹೋದೆ. ಒಣ ಬಟ್ಟೆಯ ನೂಲಿನ ನಡುವೆ ಗಾಳಿ ಇರುತ್ತದೆ. ಅದು ಬಿಸಿಯನ್ನು ಬೇಗ ದಾಟಲು ಬಿಡುವುದಿಲ್ಲ. ಆ ಜಾಗಕ್ಕೆ ನೀರು ಬಂತೋ, ಬಿಸಿ ಸೀದಾ ಕೈಗೆ. ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಬಿಸಿ ದಾಟಿಸುತ್ತದೆ. ಒಣ ಬಟ್ಟೆ ಸಿಗದಿದ್ದರೆ ಇಕ್ಕಳ ಹುಡುಕಿ.

ಮುಲಾಮು ಹಚ್ಚುತ್ತಾ ಮೊಮ್ಮಗಳು ಕೇಳಿದಳು, “ಅಜ್ಜಿ, ಕುಕ್ಕರ್ ಹಿಡಿ ಸುಡಲ್ಲ, ಕುಕ್ಕರ್ ಮಾತ್ರ ಯಾಕೆ ಸುಡುತ್ತೆ?” ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮರ, ಪ್ಲಾಸ್ಟಿಕ್ಕಿನಲ್ಲಿ ಎಲೆಕ್ಟ್ರಾನುಗಳು ಕೊಟ್ಟಿಗೆಯಲ್ಲಿ ಕಟ್ಟಿದ ದನ ಇದ್ದ ಹಾಗೆ, ಗೂಟ ಬಿಟ್ಟು ಕದಲುವುದಿಲ್ಲ. ಲೋಹದಲ್ಲಿ ಒಂದೊಂದು ಪರಮಾಣುವೂ ಹೊರಗಿನ ಒಂದೆರಡು ಎಲೆಕ್ಟ್ರಾನುಗಳ ಹಗ್ಗ ಬಿಚ್ಚಿಬಿಟ್ಟಿರುತ್ತದೆ. ಅವು ಗೋಮಾಳದ ದನ. ಒಂದು ಕಡೆ ಬಿಸಿ ಮಾಡಿದರೆ ಆ ಬಿಸಿಯನ್ನು ಹೊತ್ತುಕೊಂಡು ಎಲ್ಲ ಕಡೆ ಓಡಾಡುತ್ತವೆ. ವೋಲ್ಟೇಜ್ ಕೊಟ್ಟರೆ ಒಂದೇ ದಿಕ್ಕಿಗೆ ಸಾಗುತ್ತವೆ, ಅದೇ ಕರೆಂಟು. ಎರಡೂ ಕೆಲಸಕ್ಕೆ ಆಳು ಒಬ್ಬರೇ. ಅದಕ್ಕೇ ಬಿಸಿಗೂ ಕರೆಂಟಿಗೂ ಲೋಹಗಳಲ್ಲಿ ಬೆಳ್ಳಿ ಮೊದಲು, ತಾಮ್ರ ಎರಡನೆಯದು.

ಸ್ಟೀಲ್ ಮಾತ್ರ ಬೇರೆ ಜಾತಿ. ಅದು ಬರೀ ಕಬ್ಬಿಣವಲ್ಲ, ಕ್ರೋಮಿಯಂ, ನಿಕ್ಕಲ್ ಎಲ್ಲ ಬೆರೆತಿರುತ್ತವೆ. ಗೋಮಾಳದ ತುಂಬ ಬಂಡೆ ಬಿದ್ದ ಹಾಗೆ, ದನ ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತವೆ. ನಮ್ಮ ಅಡಿಗೆಮನೆಯ ಸ್ಟೀಲಿಗಿಂತ ತಾಮ್ರ ಸುಮಾರು 25 ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ತೆಳು ಸ್ಟೀಲ್ ಪಾತ್ರೆಯಲ್ಲಿ ಪಾಯಸ ತಳ ಹಿಡಿಯುತ್ತೆ ಅಂತ ಸೊಸೆಯಂದಿರನ್ನು ಬೈಯುವವರಿಗೆ ಇದು ಗೊತ್ತಿರಲಿ. ಉರಿ ತಾಗಿದ ಜಾಗದ ಬಿಸಿ ಅಕ್ಕಪಕ್ಕಕ್ಕೆ ಹರಡುವುದೇ ಇಲ್ಲ. ನಡುವೆ ಸೀದು ಕಂದಾಗುತ್ತದೆ, ಅಂಚಿನಲ್ಲಿ ಇನ್ನೂ ಕುದಿ ಬಂದಿರುವುದಿಲ್ಲ. ತಳದಲ್ಲಿ ಅಲ್ಯುಮಿನಿಯಂ ಸೇರಿಸಿದ ದಪ್ಪ ಪಾತ್ರೆ ತೆಗೆದುಕೊಳ್ಳಿ. ಅಂಗಡಿಯಲ್ಲಿ ಎತ್ತಿ ನೋಡಿ, ತಳ ಭಾರ ಇರಬೇಕು. ಹೊರಗೆ ಕೆಂಪಗೆ ಹೊಳೆಯುವ ತೆಳು ತಾಮ್ರದ ಲೇಪ ಬರೀ ಚೆಂದಕ್ಕೆ ಅಂತ ನನ್ನ ಅನುಭವ. ತಾಮ್ರ, ಹಿತ್ತಾಳೆ ಪಾತ್ರೆಯಲ್ಲೇ ಮಾಡುವವರು ಕಲಾಯಿ ಹೋಗಿದೆಯಾ ನೋಡಿಕೊಳ್ಳಿ, ಹೋಗಿದ್ದರೆ ಹುಳಿ, ಸಾರು ಅದರಲ್ಲಿ ಬೇಡ.

ಸ್ಟೀಲಿನ ಈ ಮಂದತನ ಸೌಟಿಗೆ ಅನುಕೂಲ. ಕುದಿಯುವ ಸಾರಿನಲ್ಲಿ ಬಿಟ್ಟ ಸ್ಟೀಲ್ ಸೌಟಿನ ತುದಿ ಹಿಡಿಯಬಹುದು. ಅಲ್ಯುಮಿನಿಯಂ ಸೌಟಾದರೆ ಸ್ವಲ್ಪ ಹೊತ್ತಿಗೇ ಕೈ ಚುರುಕ್ ಅನ್ನುತ್ತದೆ.

ಇನ್ನು ಪ್ಲಗ್ಗಿನ ವಿಷಯ. ಗೀಸರ್ ಆರಿಸಿದ ಮೇಲೆ ಪ್ಲಗ್ ಮುಟ್ಟಿ ನೋಡಿ. ಬಿಸಿ ಇದ್ದರೆ ಪಿನ್ನು ಸಾಕೆಟ್ಟಿನಲ್ಲಿ ಸಡಿಲವಾಗಿರಬಹುದು. ಲೋಹಕ್ಕೆ ಲೋಹ ಪೂರ್ತಿ ತಾಗದೆ, ಅಷ್ಟೂ ಕರೆಂಟು ಸಣ್ಣ ಚುಕ್ಕೆಯಷ್ಟು ಜಾಗದಲ್ಲಿ ನುಗ್ಗಬೇಕು. ಜಾತ್ರೆ ದಿನ ದೇವಸ್ಥಾನದ ಬಾಗಿಲ ಒಂದೇ ರೆಕ್ಕೆ ತೆಗೆದ ಹಾಗೆ. ಪಿನ್ನು ಕಪ್ಪಾಗಿದ್ದರೆ ಉಜ್ಜಿ ಮತ್ತೆ ಸಿಕ್ಕಿಸಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಬದಲಿಸಿ. ನಮ್ಮ ಮನೆಯಲ್ಲಿ ಮೂರು ತಿಂಗಳು ಇವತ್ತು ನಾಳೆ ಅಂತ ಸುಮ್ನೆ ಬಿಟ್ಟೆವು. ಒಂದು ಬೆಳಿಗ್ಗೆ ಸುಟ್ಟ ವಾಸನೆ ಬಂತು. ಮೇನ್ ಆಫ್ ಮಾಡಿ ಬಿಚ್ಚಿಸಿ ನೋಡಿದರೆ, ತಂತಿಯ ಮೇಲಿನ ಪ್ಲಾಸ್ಟಿಕ್ ಕರಗಿ ಹಲಸಿನ ಅಂಟಿನ ಹಾಗೆ ಗೋಡೆಗೆ ಮೆತ್ತಿಕೊಂಡಿತ್ತು.